ಹ್ಯಾಂಡಲ್ ಬದಲಿಸಿದೆ, ಸೈಕಲ್ ಬಿಡಲಿಲ್ಲ

ನನಗೆ ಸಂಧಿವಾತವಿದೆ. ‘ಇತ್ತು’ ಎಂದು ಬರೆಯುವ ಆಸೆಯೇನೋ ಇದೆ. ಆದರೆ ಇದು ಎರಡು ದಿನ ಉಂಡು ಹೋಗುವ ನೆಂಟನಲ್ಲ, ಮನೆ ಅಳಿಯ. ಒಮ್ಮೆ ಒಳಗೆ ಬಂದನೆಂದರೆ ಅವನಿಗೊಂದು ಚಾಪೆ ಹಾಸಿಯೇ ಬದುಕಬೇಕು. ಹಾಸಿದ್ದೇನೆ. ಆದರೆ ಮನೆಯ ಯಜಮಾನಿಕೆ ಕೊಟ್ಟಿಲ್ಲ.

ಇದನ್ನು ಬರೆಯುವುದಕ್ಕೆ ಕಾರಣ ನನ್ನ ಹತ್ತಿರ ಬರುವ ಹೆಂಗಸರು. ಊದಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಬರುತ್ತಾರೆ, ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. ಇನ್ನು ಕೈ ಕಟ್ಟಿಕೊಂಡು ಕೂತುಬಿಡು ಎಂದು ಅವರಿಗೆಲ್ಲ ಯಾರೋ ಹೇಳಿರುತ್ತಾರೆ. ನನಗೂ ಹೇಳಿದ್ದರು. ಒಬ್ಬರಲ್ಲ, ಕಂಡವರೆಲ್ಲ ಹೇಳಿದ್ದರು. ಗುಳಿಗೆಯ ವಿಷಯ ಡಾಕ್ಟರು ಹೇಳುತ್ತಾರೆ. ಅದನ್ನು ಅವರಿಂದಲೇ ಕೇಳಿ, ತಪ್ಪದೆ ನುಂಗಿ. ನಾನು ಹೇಳುವುದು ಸೈಕಲ್ಲಿನ ಹ್ಯಾಂಡಲ್ ವಿಷಯ. ಕಾಯಿಲೆಯ ಕಥೆಯಲ್ಲಿ ಹ್ಯಾಂಡಲ್ ಎಲ್ಲಿಂದ ಬಂತು ಎಂದು ನಗುವವರು ಸ್ವಲ್ಪ ತಡೆಯಿರಿ.

ತೊಂಬತ್ತರ ದಶಕದಲ್ಲಿ ನಾನು ಗಂಡನ ಊರಾದ ಜಡೆಯ ಸುತ್ತಿನ ಹಳ್ಳಿಗಳಿಗೆ ನರ್ಸ್ ಆಗಿದ್ದೆ. ಕಾಗದದಲ್ಲಿ ನನ್ನ ಹುದ್ದೆಗೆ ಉದ್ದದ ಹೆಸರಿತ್ತು, ಜನರ ಬಾಯಲ್ಲಿ ಬರೀ ನರ್ಸಮ್ಮ. ಜಡೆಯಿಂದ ಸೊರಬಕ್ಕೆ ಬಸ್ಸಿತ್ತು ನಿಜ. ಆದರೆ ಬಸ್ಸು ಹೋಗುವ ದಾರಿ ನೋಡಿಕೊಂಡು ಯಾರೂ ಹೆರುವುದಿಲ್ಲ. ನನ್ನ ಬಾಣಂತಿಯರೆಲ್ಲ ಗಾಡಿ ಜಾಡಿನ ಕೊನೆಗೆ, ಕೆರೆ ಏರಿಯ ಆಚೆಗೆ, ಗದ್ದೆ ಬದುವಿನ ತುದಿಗೆ ಇದ್ದರು. ಕ್ಯಾರಿಯರ್ ಮೇಲೆ ಮಂಜುಗಡ್ಡೆ ತುಂಬಿದ ಲಸಿಕೆ ಡಬ್ಬಿ. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಕೂಸು ತೂಗುವ ತಕ್ಕಡಿ, ಕುದಿಸಿದ ಕತ್ತರಿ, ಉಡಲು ಇನ್ನೊಂದು ಸೀರೆ, ಬುತ್ತಿ. ಹೆರಿಗೆ ತಡವಾದರೆ ಅಲ್ಲೇ ಉಳಿದು, ಬೆಳಗಾದ ಮೇಲೆ ಅಲ್ಲಿಂದಲೇ ಮುಂದಿನ ಊರಿಗೆ ಹೊರಡುತ್ತಿದ್ದೆ. ಕೆಲವು ಸಲ ಎರಡು ಮೂರು ದಿನ ಸೈಕಲ್ಲೇ ನನ್ನ ಮನೆ.

ನನ್ನ ತವರು ಶಿಕಾರಿಪುರ. ಅಪ್ಪನದು ಕಾಳುಕಡಿಯ ಅಂಗಡಿ. ಹುಡುಗಿಯಾಗಿದ್ದಾಗ ಬಾಡಿಗೆ ಸೈಕಲ್ ತೆಗೆದುಕೊಂಡು, ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಕಲಿತೆ. ಕಲಿತ ಮೇಲೆ ಒಂದು ದಿನ ಯಾರಿಗೂ ಹೇಳದೆ ಅಂಜನಾಪುರದ ತನಕ ತುಳಿದುಕೊಂಡು ಹೋದೆ. ಡ್ಯಾಮಿನ ನೀರು ಕಂಡಾಗ ಇಳಿದು ನಿಂತೆ. ಆ ನೀರನ್ನು ಮೊದಲೂ ನೋಡಿದ್ದೆ, ಅಪ್ಪನ ಜೊತೆ, ಬಸ್ಸಿನಲ್ಲಿ ಬಂದು. ಆ ದಿನ ಮಾತ್ರ ನನ್ನನ್ನು ಯಾರೂ ಕರೆದುಕೊಂಡು ಬಂದಿರಲಿಲ್ಲ. ಅಂಥ ಸಂತೋಷವನ್ನು ಆಮೇಲೆ ನಾನು ಮದುವೆಯ ದಿನವೂ ಕಾಣಲಿಲ್ಲ, ನೌಕರಿಯ ಆರ್ಡರ್ ಬಂದ ದಿನವೂ ಕಾಣಲಿಲ್ಲ. ನಮ್ಮನೆಯವರು ಇದನ್ನು ಓದಿ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಅವರಿಗೆ ಇದೇನೂ ಹೊಸ ಸುದ್ದಿಯಲ್ಲ.

ಬೆರಳು ಮಡಚಲು ಬಾರದ ಬೆಳಗುಗಳು ಒಂದು ಚಳಿಗಾಲದಲ್ಲಿ ಶುರುವಾದವು. ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು. ಜಲ್ಲಿ ದಾರಿಯ ಕುಲುಕಾಟದಿಂದ ಎಂದು ಸುಮ್ಮನಿದ್ದೆ. ಆಮೇಲೆ ಮಣಿಕಟ್ಟು ಊದಿತು. ಡಬ್ಬಿಯ ಮುಚ್ಚಳ ತೆಗೆಯಲು ಹಲ್ಲು ಬಳಸತೊಡಗಿದೆ. ಸೀರೆಯ ನೆರಿಗೆ ಹಿಡಿಯುವುದೇ ಒಂದು ಕಸರತ್ತಾಯಿತು. ಆದರೂ ಇದು ಕಾಯಿಲೆ ಎಂದು ಮನೆಯಲ್ಲಿ ಗೊತ್ತಾಗಿದ್ದು ಒಂದು ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ.

ನಮ್ಮದು ಲಿಂಗ ಕಟ್ಟುವ ಮನೆತನ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ನೀರೂ ಹಾಕುವುದಿಲ್ಲ. ನಾನೂ ಅತ್ತೆಯೂ ಎದುರುಬದುರು ಕುಳಿತು ಮಾಡುತ್ತಿದ್ದೆವು. ಆ ದಿನ ನೀರೆರೆಯುತ್ತಿರುವಾಗ ನನ್ನ ಅಂಗೈ ತಾನಾಗಿಯೇ ವಾಲಿತು. ಲಿಂಗ ಜಾರಿ ಕೆಳಗಿನ ತಟ್ಟೆಗೆ ಬಿತ್ತು. ಅತ್ತೆ ಕಣ್ಣು ಬಿಟ್ಟರು.

ಇನ್ನೊಬ್ಬರ ಲಿಂಗವನ್ನು ಮುಟ್ಟುವಂತಿಲ್ಲ. ಹಾಗಾಗಿ ಅವರು ಎತ್ತಿ ಕೊಡುವಂತಿರಲಿಲ್ಲ, ನಾನೇ ಎತ್ತಿಕೊಳ್ಳಬೇಕು. ನನ್ನ ಬೆರಳೋ ಮಡಚುತ್ತಿಲ್ಲ. ಹಿಡಿಯಲು ಹೋದೆ, ಜಾರಿತು. ತಟ್ಟೆಯ ಅಂಚಿಗೆ ತಳ್ಳಿದೆ, ಮತ್ತೆ ನಡುವಿಗೆ ಬಂತು. ಕೊನೆಗೆ ಎರಡೂ ಅಂಗೈಗಳ ನಡುವೆ ಒತ್ತಿ ಎತ್ತಿಕೊಂಡೆ. ಅಷ್ಟು ಹೊತ್ತೂ ಅತ್ತೆ ಕೈ ಮುಂದೆ ಚಾಚಿ, ಮುಟ್ಟಲಾರದೆ ಕುಳಿತಿದ್ದರು. ನನಗೆ ಭಯವಾಯಿತು. ಲಿಂಗ ಬಿದ್ದಿದ್ದಕ್ಕಲ್ಲ, ಇಷ್ಟು ಸಣ್ಣ ವಸ್ತು ನನ್ನ ಕೈಗೆ ಸಿಗುತ್ತಿಲ್ಲವಲ್ಲ ಎಂದು.

ಅತ್ತೆಯ ಭಯ ಬೇರೆ. ಅಂಗೈ ಮೇಲಿನ ಲಿಂಗ ಬೀಳುವುದೆಂದರೆ ಅವರ ಪಾಲಿಗೆ ಮನೆಯ ತೊಲೆ ಬಿದ್ದಂತೆ. ಕಂಡಕಂಡವರ ಹೆರಿಗೆ ಮನೆಗೆ ಹೋಗಿ, ಅದೇ ಕೈಯಲ್ಲಿ ಪೂಜೆಗೆ ಕೂರುತ್ತೀಯಲ್ಲ, ಅದರ ಸೂತಕ ಇದು ಎಂದರು. ಎಲ್ಲದಕ್ಕೂ ಮೂಲ ಆ ಸೈಕಲ್ಲು ಎಂದೂ ಸೇರಿಸಿದರು. ನನಗೆ ಸಿಟ್ಟು ಬಂತು.

“ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ನೀವೇ ಅಲ್ದಾ ಅತ್ತೆ ನಂಗೆ ಹೇಳಿಕೊಟ್ಟಿದ್ದು?”

ಉತ್ತರವಿಲ್ಲದಾಗ ಮನುಷ್ಯರು ಆಡುವ ಮಾತು ಇನ್ನೂ ಹರಿತವಾಗಿರುತ್ತದೆ.

“ಲಿಂಗನೇ ನಿನ್ನ ಕೈಯಲ್ಲಿ ನಿಲ್ತಾ ಇಲ್ಲ. ಇನ್ನು ಆ ಹ್ಯಾಂಡ್ಲು ನಿಲ್ತದನೇ?” ಎಂದರು.

ಈ ಮಾತು ನನ್ನ ಎದೆಯಲ್ಲಿ ವರ್ಷಗಟ್ಟಲೆ ಉಳಿಯಿತು. ಅದಕ್ಕೆ ಉತ್ತರ ಕೊಡಲೆಂದೇ ನಾನು ಮುಂದಿನದೆಲ್ಲ ಮಾಡಿದೆ ಎಂದರೂ ತಪ್ಪಲ್ಲ.

ಮೊದಲು ಅತ್ತೆಯ ಚಿಕಿತ್ಸೆ ನಡೆಯಿತು. ಸೋಮವಾರ ಒಪ್ಪತ್ತು ಮಾಡಿಸಿದರು. ಬೆರಳೇನೂ ಸೋಮವಾರ ನೋಡಿಕೊಂಡು ಇಳಿಯಲಿಲ್ಲ, ದಿನದಿನಕ್ಕೆ ಊದಿತು. ಕಡೆಗೆ ಕುಬಟೂರಿನ ಕಡೆಯಿಂದ ನಮ್ಮ ಮನೆಗೆ ಬಂದುಹೋಗುವ ಅಯ್ಯನವರನ್ನು ಕರೆಸಿದರು. ಅವರು ನನ್ನ ಲಿಂಗವನ್ನು ನೋಡಿದರು, ಕೈಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಲಿಂಗಕ್ಕೆ ಏನೂ ಆಗಿಲ್ಲ, ಆಗಿರುವುದು ಕೈಗೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಡಾಕ್ಟರ ಹತ್ತಿರ ಹೋಗಿ ಎಂದರು. ಅಲ್ಲಿಯ ತನಕ ಪೂಜೆಗೆ ಕೂರುವಾಗ ತೊಡೆಯ ಮೇಲೆ ಮಡಿಸಿದ ವಸ್ತ್ರವಿಟ್ಟು, ಅದರ ಮೇಲೆ ಮೊಣಕೈಯಿಂದ ಬೆರಳ ತನಕ ಪೂರ್ತಿ ಕೈ ಊರಿಕೋ ಎಂದು ಹೇಳಿ ಎದ್ದರು. ಇದಿಷ್ಟನ್ನು ನಾನೇ ಹೇಳಿದ್ದರೆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಬರೀ ನರ್ಸು.

ಶಿವಮೊಗ್ಗದ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತ ಆ ದಿನ ಚೆನ್ನಾಗಿ ನೆನಪಿದೆ. ಬೆಂಚಿನ ತುಂಬ ನನ್ನ ಹಾಗೆ ಕೈ ಊದಿದವರೇ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈ ನೋಡುತ್ತಾರೆ. ನನ್ನ ಪಕ್ಕದಾಕೆಯ ಬೆರಳುಗಳು ಗಾಳಿಗೆ ವಾಲಿದ ಭತ್ತದ ತೆನೆಯ ಹಾಗೆ ಒಂದೇ ಕಡೆಗೆ ಬಾಗಿದ್ದವು. ನಾಳೆ ನನ್ನದೂ ಹೀಗೇ ಎಂದುಕೊಂಡೆ. ಅಷ್ಟರಲ್ಲಿ ಆಕೆ ಬಿಸ್ಕತ್ತಿನ ಪೊಟ್ಟಣ ತೆಗೆದು, ಒಡೆಯಲು ಬಾರದೆ ನನ್ನ ಕೈಗೆ ಕೊಟ್ಟಳು. ನನ್ನಿಂದಲೂ ಆಗಲಿಲ್ಲ. ನಾನು ಆಚೆಯವಳಿಗೆ ಕೊಟ್ಟೆ. ಪೊಟ್ಟಣ ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿ, ಹಾಗೇ ಮುಚ್ಚಿಕೊಂಡು ವಾಪಸ್ಸು ಬಂತು. ಮೊದಲು ನಕ್ಕವಳು ಅವಳೇ. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಒಳಗಿನಿಂದ ಕಾಂಪೌಂಡರ್ ಬಂದು, ಯಾಕೆ ಗಲಾಟೆ ಎಂದು ಗದರಿಸಿದ. ಪೊಟ್ಟಣವನ್ನು ಅವನ ಕೈಗೆ ಕೊಟ್ಟೆವು, ಒಡೆದುಕೊಟ್ಟ. ಆ ಬಿಸ್ಕತ್ತಿನಷ್ಟು ರುಚಿಯಾದ ಬಿಸ್ಕತ್ತನ್ನು ನಾನು ಇಂದಿಗೂ ತಿಂದಿಲ್ಲ.

ಡಾಕ್ಟರು ರಕ್ತ ನೋಡಿದರು, ಕೈಯ ಫೋಟೊ ನೋಡಿದರು, ಕಾಯಿಲೆಯ ಹೆಸರು ಹೇಳಿದರು. ಇದು ಪೂರ್ತಿ ವಾಸಿಯಾಗುವುದಿಲ್ಲ, ಗುಳಿಗೆಯಿಂದ ಹಿಡಿತದಲ್ಲಿಡಬಹುದು ಎಂದರು. ಕೆಲಸ ಏನು ಎಂದು ಕೇಳಿದರು. ಹೇಳಿದೆ.

“ಸೈಕಲ್ ಬಿಟ್ಟುಬಿಡಿ ಅಮ್ಮ. ಮಣಿಕಟ್ಟಿನ ಮೇಲೆ ಭಾರ ಬೀಳಬಾರದು.”

“ಭಾರ ಬೀಳದ ಹಾಗೆ ಹೊಡೆದರೆ?”

ಅವರು ತಲೆಯೆತ್ತಿ ನೋಡಿದರು. ಹಾಗೆ ಹೊಡೆಯುವುದು ಹೇಗೆ ಎಂದು ನನಗೆ ಗೊತ್ತಿಲ್ಲ ಎಂದರು. ನನಗೂ ಗೊತ್ತಿರಲಿಲ್ಲ. ಆದರೆ ಅವರು ‘ಆಗುವುದಿಲ್ಲ’ ಎನ್ನಲಿಲ್ಲ, ‘ಗೊತ್ತಿಲ್ಲ’ ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಎರಡು ಮಾತಿನ ನಡುವಿನ ಜಾಗದಲ್ಲಿ ಕೂತು ಯೋಚನೆ ಮಾಡುತ್ತಾ ಬಂದೆ.

ಶಿಕಾರಿಪುರದಲ್ಲಿ ಇಳಿದು ತವರಿಗೆ ಹೋದೆ. ಅವ್ವ ನನ್ನ ಎರಡೂ ಕೈ ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ದನಿ ತಗ್ಗಿಸಿ, ನಿಜವಾದ ಚಿಂತೆ ಹೇಳಿದಳು.

“ಯಾರ ಮುಂದೂ ಹೇಳಬ್ಯಾಡವ್ವ. ನಿನ್ನ ತಂಗಿಗೆ ವರ ನೋಡಾಕ ಹತ್ತೀವಿ. ಮನೆತನಕ್ಕ ವಾಯು ಐತಿ ಅಂತಾರ.”

ಅವಳ ಮೇಲೆ ನನಗೆ ಕೋಪ ಬರಲಿಲ್ಲ, ದುಃಖ ಬಂತು. ಹೆತ್ತ ತಾಯಿಯೇ ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಡು ಎಂದಳಲ್ಲ ಎಂದು. ಮರುದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಕಟ್ಟೆಗೆ ಬಂದು ಏನವ್ವ, ಆರಾಮೇನು ಎಂದು ಕೇಳಿದಾಗ, ಆರಾಮಿಲ್ಲ, ಸಂಧಿವಾತ, ನೋಡಿ ಎಂದು ಎರಡೂ ಕೈ ಮುಂದೆ ಚಾಚಿದೆ. ಅವ್ವ ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ತಂಗಿಯ ಮದುವೆಗೆ ಅದರಿಂದ ಯಾವ ಅಡ್ಡಿಯೂ ಆಗಲಿಲ್ಲ. ಗಂಡಿನ ತಾಯಿಗೇ ಮಂಡಿ ವಾಯು ಇತ್ತು, ನನ್ನ ಹತ್ತಿರ ಗುಳಿಗೆಯ ವಿಷಯ ವಿಚಾರಿಸಿಕೊಂಡು ಹೋದರು.

ಸುದ್ದಿ ಹರಡಿದ ಮೇಲೆ ಜಡೆಯಲ್ಲಿ ಪ್ರತಿ ಮನೆಯೂ ಒಂದು ಆಸ್ಪತ್ರೆಯಾಯಿತು. ಆಲೂಗಡ್ಡೆ ವಾಯು, ಬದನೆಕಾಯಿ ವಾಯು, ಕಡಲೆಬೇಳೆ ವಾಯು. ಎಲ್ಲರ ಮಾತನ್ನೂ ಕೇಳಿದ್ದರೆ ನನಗೆ ಉಣ್ಣಲು ಅನ್ನ ಮತ್ತು ಉಪದೇಶ ಎರಡೇ ಉಳಿಯುತ್ತಿದ್ದವು. ಇಲಾಖೆಯಲ್ಲಿ ನಮ್ಮ ಮೇಲಿನವರು ಒಳ್ಳೆಯ ಮಾತಿನಲ್ಲೇ ಕರೆದು, ಕೈಲಾಗುವುದಿಲ್ಲ ಎಂದು ಒಂದು ಅರ್ಜಿ ಕೊಡಿ, ಸೊರಬದಲ್ಲಿ ಕುರ್ಚಿಯ ಕೆಲಸ ಕೊಡಿಸುತ್ತೇನೆ ಎಂದರು. ಅತ್ತೆಗೆ ಅದೂ ಬೇಡ, ರಾಜೀನಾಮೆಯೇ ಬೇಕು. ಕುರ್ಚಿ ಕೆಟ್ಟದ್ದೇನಲ್ಲ. ಆದರೆ ಕೈಲಾಗುವುದಿಲ್ಲ ಎಂದು ಬರೆಯಲು ನನ್ನ ಕೈ ಒಪ್ಪಲಿಲ್ಲ. ಒಮ್ಮೆ ಬರೆದುಕೊಟ್ಟರೆ ಅಂಜನಾಪುರದ ನೀರಿನ ತನಕ ತುಳಿದುಕೊಂಡು ಹೋದವಳು ಅಲ್ಲಿಗೆ ಮುಗಿದಳು. ಮಳೆಗಾಲ ಕಳೆಯುವ ತನಕ ಸಮಯ ಕೊಡಿ, ಅಷ್ಟರಲ್ಲಿ ಆಗದಿದ್ದರೆ ನಾನೇ ಬರೆದುಕೊಡುತ್ತೇನೆ ಎಂದೆ.

ನಮ್ಮನೆಯವರು ಮಾತು ಕಡಿಮೆಯ ಮನುಷ್ಯ, ಗದ್ದೆ ಆಯಿತು, ಎತ್ತು ಆಯಿತು. ಬಿಡು ಎಂದೂ ಹೇಳಲಿಲ್ಲ, ಹೊಡಿ ಎಂದೂ ಹೇಳಲಿಲ್ಲ. ಆದರೆ ಬೆಳಿಗ್ಗೆ ನನಗೆ ಮುಂಚೆ ಎದ್ದು, ಕೈ ಅದ್ದಿಕೊಳ್ಳಲು ಬಿಸಿನೀರು ಇಡತೊಡಗಿದರು. ಒಂದು ದಿನ ನಾನು ಜಡೆ ಹೆಣೆಯಲಾಗದೆ ಬಾಚಣಿಗೆ ಎಸೆದು ಅತ್ತಾಗ, ಅದನ್ನು ಎತ್ತಿಕೊಂಡು ನನ್ನ ಹಿಂದೆ ಕುಳಿತರು. ಎತ್ತಿಗೆ ಹಗ್ಗ ಹೊಸೆಯುವ ಕೈ. ಆ ಜಡೆ ಸಂಜೆಯ ತನಕ ಒಂದು ಎಳೆಯೂ ಬಿಚ್ಚಲಿಲ್ಲ. ಹಿತ್ತಲಲ್ಲಿ ಗಂಡ ಹೆಂಡತಿಗೆ ಜಡೆ ಹಾಕುವುದನ್ನು ನೋಡಿ ಅತ್ತೆ ಎರಡು ದಿನ ಇಬ್ಬರೊಡನೆಯೂ ಮಾತು ಬಿಟ್ಟರು.

ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ಹಾಲೇಶಪ್ಪನವರ ಸೈಕಲ್ ಅಂಗಡಿ ಇತ್ತು. ದೊಡ್ಡ ಮಾತುಗಾರ. ತಮಗೆ ತಿಳಿಯದ್ದು ಸೈಕಲ್ಲಿನಲ್ಲಿ ಏನೂ ಇಲ್ಲ ಎಂದು ಅವರ ನಂಬಿಕೆ. ಗುಳಿಗೆಯಿಂದ ಊತ ಸ್ವಲ್ಪ ತಗ್ಗಿದ ಮೇಲೆ ಅಲ್ಲಿಗೆ ಹೋಗಿ, ನನಗೆ ಕೈ ಮೇಲೆ ಭಾರ ಬೀಳದ ಹ್ಯಾಂಡಲ್ ಬೇಕು ಎಂದೆ. ಹ್ಯಾಂಡಲ್ಲಿನಲ್ಲಿ ದೋಷವಿಲ್ಲ ನರ್ಸಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು.

“ನೆಲ ಡೊಂಕಾಗಿದ್ರೆ ಡೊಂಕು ಅನ್ನದೆ ಇನ್ನೇನು ಅನ್ಲಿ ಹಾಲೇಶಪ್ಪಾರೆ? ನಟ್ಟು ಬಿಚ್ಚೋ ಪಾನಾ ತಗೊಳ್ಳಿ” ಎಂದೆ.

ಮೊದಲು ಇದ್ದ ಹ್ಯಾಂಡಲ್ಲನ್ನೇ ಎಷ್ಟು ಏರುತ್ತದೋ ಅಷ್ಟು ಮೇಲಕ್ಕೆ ಎತ್ತಿಸಿದೆ. ಬೆನ್ನು ನೆಟ್ಟಗಾಯಿತು, ಭಾರ ಅರ್ಧ ಸೀಟಿಗೆ ಇಳಿಯಿತು. ಆದರೆ ಅಡ್ಡಡ್ಡ ಇದ್ದ ಹಿಡಿಗಳನ್ನು ಹಿಡಿಯಲು ಮಣಿಕಟ್ಟು ಹೊರಕ್ಕೆ ತಿರುಚಲೇಬೇಕು. ಟಾರು ರಸ್ತೆಯಲ್ಲಿ ಗೊತ್ತಾಗದ ಈ ತಿರುಚು, ಗಾಡಿ ಜಾಡಿಗೆ ಇಳಿದ ಕೂಡಲೇ ಸೂಜಿಯ ಹಾಗೆ ಚುಚ್ಚುತ್ತಿತ್ತು.

ಆಮೇಲೆ ಹಾಲೇಶಪ್ಪ ತಮ್ಮ ಬುದ್ಧಿ ಓಡಿಸಿ, ಕಾಲೇಜು ಹುಡುಗರು ಹಾಕಿಸಿಕೊಳ್ಳುವ, ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ರೇಸಿನ ಹ್ಯಾಂಡಲ್ ತೊಡಿಸಿದರು. ಇದರಲ್ಲಿ ಮೇಲೆ, ಪಕ್ಕಕ್ಕೆ, ಕೆಳಗೆ ಎಂದು ಬೇಕಾದಲ್ಲಿ ಕೈ ಬದಲಿಸಬಹುದು ಎಂದು ಅವರ ವಾದ. ವಾದವೇನೋ ಸರಿ. ಆದರೆ ನಾನು ಸೀರೆಯುಟ್ಟು, ಲಸಿಕೆ ಡಬ್ಬಿ ಕಟ್ಟಿಕೊಂಡು, ಕತ್ತೆತ್ತಿದ ಆಮೆಯ ಹಾಗೆ ಬಸ್‌ಸ್ಟ್ಯಾಂಡ್ ಸುತ್ತಿದಾಗ ಅಲ್ಲಿದ್ದವರೆಲ್ಲ ನಕ್ಕರು. ನಗು ಸಹಿಸುತ್ತಿದ್ದೆ, ಭಾರವೆಲ್ಲ ಅಂಗೈಗೇ ಬಂದು ಕೂತಿದ್ದನ್ನು ಸಹಿಸಲಾಗಲಿಲ್ಲ.

ಮೂರನೆಯದು ಮೋಟರ್ ಸೈಕಲ್ಲಿನ ಮಾದರಿಯ ಅಗಲದ ಹ್ಯಾಂಡಲ್. ಕಲ್ಲಿನ ಮೇಲೆ ಮುಂದಿನ ಚಕ್ರ ಅತ್ತಿತ್ತ ಹೊರಳದೆ ಹೇಳಿದ ಮಾತು ಕೇಳುತ್ತಿತ್ತು. ಆ ಗುಣ ನನಗೆ ಹಿಡಿಸಿತು. ಆದರೆ ಎರಡು ಗದ್ದೆ ಬದು ದಾಟುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು, ರೆಕ್ಕೆ ಬಿಚ್ಚಿದ ಕೋಳಿಯ ಹಾಗೆ ಎಷ್ಟು ಹೊತ್ತು ಇರಲಾಗುತ್ತದೆ? ಮೇಲಾಗಿ ಚೀಲ ಇನ್ನೂ ಹ್ಯಾಂಡಲ್ಲಿಗೇ ತೂಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ. ಅದನ್ನು ಬಿಚ್ಚಿ, ಎರಡು ಭಾಗ ಮಾಡಿ, ಕ್ಯಾರಿಯರಿನ ಎರಡೂ ಬದಿಗೆ ಎತ್ತಿನ ಮೇಲಿನ ಹೇರಿನ ಹಾಗೆ ಇಳಿಬಿಟ್ಟೆ. ಅಷ್ಟಕ್ಕೇ ಅರ್ಧ ನೋವು ಹೋಯಿತು. ಉಳಿದರ್ಧ ಹಟ ಹಿಡಿದು ಕೂತಿತ್ತು. ಮಳೆಗಾಲವೂ ಮುಗಿಯುತ್ತಾ ಬಂದಿತ್ತು.

ಉತ್ತರ ಸಿಕ್ಕಿದ್ದು ಪೂಜೆಗೆ ಕುಳಿತಾಗ. ಅಯ್ಯನವರು ಹೇಳಿದ ಹಾಗೆ ಮಡಿಸಿದ ವಸ್ತ್ರದ ಮೇಲೆ ಕೈ ಊರಿ ಕುಳಿತಿದ್ದೆ. ದಿನದ ಬೇರೆ ಎಲ್ಲ ಹೊತ್ತಿನಲ್ಲೂ ನೋಯುವ ಕೈ, ಆ ಹೊತ್ತಿನಲ್ಲಿ ಮಾತ್ರ ನೋಯುವುದಿಲ್ಲ. ದೇವರ ಮೇಲೆ ನಂಬಿಕೆಯಿಟ್ಟೇ ಕೇಳಿಕೊಂಡೆ, ಯಾಕೆ ನೋಯುವುದಿಲ್ಲ? ನೋಡಿದರೆ, ಮೊಣಕೈ ಪಕ್ಕೆಗೆ ಹತ್ತಿರವಿದೆ. ಮುಂಗೈ, ಮಣಿಕಟ್ಟು, ಅಂಗೈ ಒಂದೇ ಗೆರೆಯಲ್ಲಿವೆ, ಎಲ್ಲಿಯೂ ತಿರುಚಿಲ್ಲ. ಲಿಂಗವಿಲ್ಲದ ಬಲಗೈಯನ್ನೂ ಹಾಗೇ ಊರಿ, ಅಂಗೈಯನ್ನು ಮೆಲ್ಲಗೆ ಒಳಬದಿಗೆ ಹೊರಳಿಸಿ, ಹೆಬ್ಬೆರಳು ಮೇಲೆ ಬರುವ ಹಾಗೆ ಬರಿಗೈ ಮುಷ್ಟಿ ಹಿಡಿದು ನೋಡಿದೆ. ಆಗಲೂ ನೋವಿಲ್ಲ. ಪೂಜೆ ಮುಗಿಸಿ ಲಿಂಗ ಕಟ್ಟಿಕೊಂಡವಳು ತಿಂಡಿಯನ್ನೂ ತಿನ್ನದೆ ಸೊರಬದ ಬಸ್ಸು ಹತ್ತಿದೆ.

ಹಾಲೇಶಪ್ಪನವರ ಅಂಗಡಿಯಲ್ಲೇ ಬಿಟ್ಟಿದ್ದ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿಸಿ, ಸೀಟಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಪೂಜೆಯಲ್ಲಿ ಇರುವ ಹಾಗೆ ಪಕ್ಕೆಯ ಹತ್ತಿರ ಬಿಟ್ಟೆ. ಆಮೇಲೆ ಮುಷ್ಟಿ ಹಿಡಿದೆ. ನನ್ನ ಮುಷ್ಟಿ ಎಲ್ಲಿದೆಯೋ ಹಿಡಿ ಅಲ್ಲಿಗೆ ಬರಬೇಕು, ಕೈ ಹಿಡಿಯನ್ನು ಹುಡುಕಿಕೊಂಡು ಹೋಗಬಾರದು ಎಂದೆ. ಹಾಲೇಶಪ್ಪ ಸುತ್ತಲೂ ತಿರುಗಿ ನೋಡಿದರು. ಇದು ಹಿಂದಕ್ಕೆ ತಿರುಗಿದ ಹ್ಯಾಂಡಲ್, ತಳ್ಳುಗಾಡಿಯ ಹಿಡಿ ಆಯ್ತಲ್ಲ, ಇಂಥದ್ದು ಯಾವ ಕಂಪನಿಯಲ್ಲೂ ಬರುವುದಿಲ್ಲ ಎಂದು ಕೈಚೆಲ್ಲಿದರು. ಬರದಿದ್ದರೆ ಬಗ್ಗಿಸಿ ಎಂದೆ. ಕಂಪನಿಯವರಿಗೆ ಸಂಧಿವಾತ ಬಂದಿಲ್ಲ, ನನಗೆ ಬಂದಿದೆ.

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ಮರಳು ತುಂಬಿ, ಬಾಯಿ ಮುಚ್ಚಿ, ಕಾಸಿ ಬಗ್ಗಿಸಿದರು. ಮರಳು ತುಂಬದಿದ್ದರೆ ಬಾಗುವ ಜಾಗದಲ್ಲಿ ಪೈಪು ಚಪ್ಪಟೆಯಾಗಿ ಮುರಿಯುತ್ತದೆ. ಹಳೆಯ ಕಡ್ಡಿ ಬ್ರೇಕು ಇದಕ್ಕೆ ಕೂಡಲಿಲ್ಲ, ತಂತಿಯ ಬ್ರೇಕು ಹಾಕಿಸಿದೆ. ಹಿಡಿಗಳಿಗೆ ನಮ್ಮನೆಯವರು ಹಳೆಯ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಹತ್ತಿಯ ಬಟ್ಟೆ ಸುತ್ತಿ, ಕೈ ತುಂಬುವಷ್ಟು ದಪ್ಪ ಮಾಡಿದರು. ತೆಳ್ಳಗಿನ ಹಿಡಿಯನ್ನು ಊದಿದ ಬೆರಳು ಮುಚ್ಚಿ ಹಿಡಿಯಲಾರದು, ದಪ್ಪದ್ದನ್ನು ಸುಮ್ಮನೆ ಅಪ್ಪಿಕೊಳ್ಳಬಹುದು. ಏರಿಯ ಮೇಲೆ ಒಂದು ಸುತ್ತು ಹೊಡೆದೆ. ಚಕ್ರ ಕಲ್ಲು ಹತ್ತಿದಾಗ ಪೆಟ್ಟು ಕೈಗೆ ಬರದೆ ಸೀಟ್ ಕೆಳಗಿನ ಸ್ಪ್ರಿಂಗಿಗೆ ಹೋಯಿತು. ನಾನು ಜೋರಾಗಿ ನಕ್ಕಿದ್ದನ್ನು ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ನೋಡಿ, ಇವಳಿಗೆ ಕೈಯ ಜೊತೆ ತಲೆಗೂ ವಾಯು ಏರಿತು ಎಂದು ಊರಿಗೆಲ್ಲ ಹೇಳಿದಳಂತೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಲಸಿಕೆಯ ದಿನ, ಕುಬಟೂರಿನ ಕೆರೆ ಏರಿ ಮುಗಿದು ಗದ್ದೆಗೆ ಇಳಿಯುವ ಕಿರಿದಾದ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಹಿಂದಕ್ಕೆ ಬಂದಿದ್ದ ಹಿಡಿಯ ತುದಿ ಮೊಣಕಾಲಿಗೆ ಬಡಿಯಿತು. ತಿರುಗಬೇಕಾದ ಸೈಕಲ್ ತಿರುಗಲಿಲ್ಲ, ನನ್ನನ್ನೂ ಎತ್ತಿಕೊಂಡು ಕೆಸರಿಗೆ ಇಳಿಯಿತು. ಡಬ್ಬಿಯ ಮುಚ್ಚಳ ತೆರೆದುಕೊಳ್ಳದ್ದರಿಂದ ಲಸಿಕೆ ಉಳಿಯಿತು. ಅದೇ ಕೆಸರಿನ ಸೀರೆಯಲ್ಲಿ ಹೋಗಿ ಮಕ್ಕಳಿಗೆಲ್ಲ ಚುಚ್ಚಿ ಬಂದೆ. ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಡುವುದನ್ನು ಆಗಲೇ ಆಡಿದ್ದರಲ್ಲ, ಹ್ಯಾಂಡ್ಲು ನಿಲ್ತದನೇ ಎಂದು.

ಆ ಸಂಜೆ ಮೊದಲ ಬಾರಿಗೆ ನನಗೆ ಸೋಲು ಕಂಡಿತು. ಅರ್ಜಿಯಲ್ಲಿ ಏನು ಬರೆಯಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸಿದೆ. ಕೈಲಾಗುವುದಿಲ್ಲ. ಅಲ್ಲಿಗೆ ಬಂದು ನಿಂತೆ. ಯಾಕೆಂದರೆ ಅದು ಸುಳ್ಳು. ಬಿದ್ದಿದ್ದು ಕೈಯಿಂದಲ್ಲ, ಮೊಣಕಾಲಿನಿಂದ. ಇಡೀ ದಾರಿಯಲ್ಲಿ ಕೈ ಒಮ್ಮೆಯೂ ನೋಯಲಿಲ್ಲ! ಹ್ಯಾಂಡಲ್ ಉದ್ದವಾಗಿದ್ದರೆ ಕತ್ತರಿಸಬೇಕು, ನೌಕರಿಯನ್ನು ಯಾಕೆ ಕತ್ತರಿಸಲಿ?

ಹಾಲೇಶಪ್ಪನವರಿಂದ ಹಿಡಿಗಳ ತುದಿಯನ್ನು ಎರಡು ಬೆರಳಿನಷ್ಟು ಕೊಯ್ಯಿಸಿದೆ. ಮತ್ತೆ ಕಾಸಿ ಸ್ವಲ್ಪ ಹೊರಕ್ಕೆ ಅರಳಿಸಿದರು. ಸೀಟನ್ನು ಹಿಂದಕ್ಕೆ ಸರಿಸಿದೆವು. ಅದೇ ತಿರುವಿಗೆ ಹೋಗಿ, ಅತ್ತ ಇತ್ತ ತಿರುಗಿಸಿ ನೋಡಿದೆ. ಮೊಣಕಾಲಿಗೂ ಹಿಡಿಗೂ ನಡುವೆ ಸೆರಗು ಆಡುವಷ್ಟು ಜಾಗವಿತ್ತು. ಮಳೆಗಾಲ ಕಳೆದ ಮೇಲೆ ಮೇಲಿನವರ ಆಫೀಸಿಗೆ ಜಡೆಯಿಂದ ಸೈಕಲ್ಲಿನಲ್ಲೇ ಹೋದೆ. ಅರ್ಜಿ ತಂದಿರಾ ಎಂದರು. ಸೈಕಲ್ ತಂದಿದ್ದೇನೆ ಸಾರ್, ಹೊರಗೆ ನಿಲ್ಲಿಸಿದ್ದೇನೆ ಎಂದೆ. ಅವರು ಹೊರಗೆ ಬಂದು ಆ ಹ್ಯಾಂಡಲ್ಲನ್ನು ನೋಡಿ, ಇದೇನ್ರೀ ಇದು ಎಂದರು. ಅರ್ಜಿಯ ಮಾತು ಮತ್ತೆ ಎತ್ತಲಿಲ್ಲ. ಶಿವಮೊಗ್ಗದ ಡಾಕ್ಟರಿಗೆ ಮುಂದಿನ ಸಲ ಹೋದಾಗ ಕೈ ಹೇಗೆ ಹಿಡಿಯುತ್ತೇನೆಂದು ಮೇಜಿನ ಅಂಚಿನಲ್ಲಿ ತೋರಿಸಿದೆ. ಅವರು ತಮ್ಮ ಕೈಯನ್ನೂ ಹಾಗೇ ಹಿಡಿದು ನೋಡಿಕೊಂಡರು. ಗುಳಿಗೆ ಬಿಡಬೇಡಿ, ಊತ ಬಂದ ದಿನ ಹೊಡೆಯಬೇಡಿ, ಉಳಿದ ದಿನ ಹೊಡೆಯಿರಿ ಎಂದರು. ಅವರು ಹೇಳಿದಷ್ಟನ್ನು ನಾನು ಅಕ್ಷರಶಃ ಪಾಲಿಸಿದ್ದೇನೆ.

ವರ್ಷಗಳು ಹೋದವು. ಗೆದ್ದೆ ಎಂದು ಹೇಳಿ ಮುಗಿಸಿದರೆ ಓದುವವರಿಗೆ ಹಿತ, ಆದರೆ ಕಾಯಿಲೆ ಸುಮ್ಮನೆ ಕೂರಲಿಲ್ಲ. ಗುಳಿಗೆ ಅದರ ಓಟವನ್ನು ತಗ್ಗಿಸಿತು, ನಿಲ್ಲಿಸಲಿಲ್ಲ. ಬಲಗೈ ಪರವಾಗಿಲ್ಲ. ಎಡಗೈಯ ಬೆರಳುಗಳು ಮೆಲ್ಲಮೆಲ್ಲಗೆ ಒಳಕ್ಕೆ ಬಾಗಿ ಹಾಗೇ ನಿಂತವು. ಈಗ ಅವು ನೆಟ್ಟಗಾಗುವುದಿಲ್ಲ. ಮೊದಲ ಬಾರಿ ಅದು ಖಾತ್ರಿಯಾದ ದಿನ ನಾನು ಬಹಳ ಅತ್ತೆ. ಬೆಂಚಿನ ಮೇಲಿನ ಆ ಹೆಂಗಸಿನ ಕೈ ಕಣ್ಣಿಗೆ ಬಂತು. ಅತ್ತಾದ ಮೇಲೆ ಹೊರಗೆ ಹೋಗಿ ಹ್ಯಾಂಡಲ್ ಹಿಡಿದೆ. ಹಿಡಿಯ ಸುತ್ತ ಬೆರಳುಗಳು ಒಂದು ಕೂದಲೆಳೆ ಸಂದಿಲ್ಲದೆ ಕೂತವು. ಬಾಗುವುದಾದರೆ ಬಾಗಲಿ ಎಂದು ಬಿಟ್ಟದ್ದಕ್ಕೆ, ನನ್ನ ಹ್ಯಾಂಡಲ್ಲಿನ ಅಳತೆಗೇ ಬಾಗಿದ್ದವು.

ಅದಾದ ಕೆಲವು ದಿನಕ್ಕೆ, ಬೆಳಿಗ್ಗೆ ಎಂದಿನ ಹಾಗೆ ನಾನೂ ಅತ್ತೆಯೂ ಎದುರುಬದುರು ಪೂಜೆಗೆ ಕುಳಿತೆವು. ಎಡ ಅಂಗೈಯಲ್ಲಿ ಲಿಂಗವಿಟ್ಟೆ. ಬಾಗಿದ ಬೆರಳುಗಳು ಸುತ್ತಲೂ ಕಟ್ಟೆ ಕಟ್ಟಿದ ಹಾಗೆ ನಿಂತಿದ್ದವು. ನೀರೆರೆದೆ. ಲಿಂಗ ಅಲುಗಲಿಲ್ಲ. ಅತ್ತೆ ತಮ್ಮ ಪೂಜೆ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. ಅವರಿಗೂ ಈಗ ವಯಸ್ಸಾಗಿದೆ, ಅವರ ಅಂಗೈ ನಡುಗುತ್ತದೆ.

“ನಿಂತಿತಲ್ಲೇ” ಎಂದರು ಮೆಲ್ಲಗೆ.

“ಎರಡೂ ನಿಂತವು ಅತ್ತೆ” ಎಂದೆ.

ಪೂಜೆ ಮುಗಿಸಿ ನಾನು ಲಸಿಕೆ ಡಬ್ಬಿ ಕಟ್ಟಿಕೊಳ್ಳುವಾಗ ಅತ್ತೆ ಅಂಗಳಕ್ಕೆ ಬಂದರು. ಅದುವರೆಗೆ ಒಮ್ಮೆಯೂ ಮುಟ್ಟದ ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ನಾನು ಹತ್ತಿ ಕೂರುವ ತನಕ ಅಲುಗದ ಹಾಗೆ ನಿಂತರು. ಆಮೇಲೆ ಬಿಟ್ಟರು.